ಒಂದು ಯೂನಿಟ್ಟಿನ ಬೆಲೆ ಎಷ್ಟು?

ತಿಂಗಳಿಗೊಮ್ಮೆ ಮಾಪಕ ಓದುವವರು ಮನೆಯ ಬಾಗಿಲಿಗೆ ಬಂದು, ಕೈಯಲ್ಲಿರುವ ಸಣ್ಣ ಯಂತ್ರದಿಂದ ಉದ್ದನೆಯ ಚೀಟಿಯೊಂದನ್ನು ಹರಿದು ಕೊಟ್ಟು ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಚೀಟಿಯನ್ನು ನಮ್ಮಲ್ಲಿ ಹೆಚ್ಚಿನವರು ಓದುವುದು ಕೊನೆಯ ಸಾಲಿನಿಂದ. ಕಟ್ಟಬೇಕಾದ ಮೊತ್ತವನ್ನು ನೋಡಿ, ಗೋಡೆಯ ಮೊಳೆಗೆ ಸಿಕ್ಕಿಸಿದರೆ ಓದು ಮುಗಿಯಿತು. ಉಳಿದ ಸಾಲುಗಳಲ್ಲಿ ಏನಿದೆಯೆಂದು ಕೇಳುವವರು ವಿರಳ.

ತುಮಕೂರು ನಗರದ ಅಂಚಿನಲ್ಲಿರುವ ಕ್ಯಾತ್ಸಂದ್ರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಗೆ ಮಂಜೂರಾಗಿರುವ ವಿದ್ಯುತ್ ಹೊರೆ 3 ಕಿಲೋವಾಟ್. ಅದು ಯಜಮಾನರ ಎರಡನೆಯ ಸಂಪರ್ಕವಾದುದರಿಂದ ಗೃಹಜ್ಯೋತಿ ಯೋಜನೆಗೆ ಸೇರಿಲ್ಲ. 2025-26ನೆಯ ಸಾಲಿನ ಒಂದು ತಿಂಗಳಲ್ಲಿ ಅಲ್ಲಿ 50 ಯೂನಿಟ್ಟು ಖರ್ಚಾಯಿತು. ಆ ಸಾಲಿನಲ್ಲಿ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಮನೆಯ ವಿದ್ಯಾರ್ಥಿ ಗುಣಿಸಿ ನೋಡಿದ; 290 ರೂಪಾಯಿ ಆಗಬೇಕು. ಬಿಲ್ಲಿನಲ್ಲಿ ಇರುವುದಾದರೋ 769 ರೂಪಾಯಿ 10 ಪೈಸೆ! ಉಳಿದ 479 ರೂಪಾಯಿ ಎಲ್ಲಿಂದ ಬಂದಿತು? ಯಾರೋ ಮರೆಯಲ್ಲಿ ಸೇರಿಸಿದರೇ?

ಯಾರೂ ಮರೆಯಲ್ಲಿ ಸೇರಿಸಿಲ್ಲ. ಎಲ್ಲವೂ ಅದೇ ಚೀಟಿಯಲ್ಲಿ ಅಚ್ಚಾಗಿದೆ. ಆದರೆ ಅಚ್ಚಾದುದೆಲ್ಲ ಅರ್ಥವಾದಂತೆ ಅಲ್ಲ. ಒಂದು ಯೂನಿಟ್ಟಿನ ಬೆಲೆ ಎಷ್ಟೆಂಬ ಸರಳವಾದ ಪ್ರಶ್ನೆಗೆ ಒಂದಲ್ಲ, ಮೂರು ಉತ್ತರಗಳುಂಟು: ದರಪಟ್ಟಿಯಲ್ಲಿ ಹೇಳಿದ ಬೆಲೆ, ನಮಗೆ ನಿಜವಾಗಿ ಬಿದ್ದ ಬೆಲೆ, ಇನ್ನೊಂದು ಯೂನಿಟ್ಟು ಬಳಸಿದರೆ ತೆರಬೇಕಾದ ಬೆಲೆ. ಈ ಮೂರೂ ಬೇರೆ ಬೇರೆ. ಅವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಚೀಟಿಯ ನಾಲ್ಕು ಸಾಲುಗಳು

ಮೇಲೆ ಹೇಳಿದ ಮನೆಯ ಬಿಲ್ಲನ್ನು ಬಿಡಿಸಿದರೆ ಹೀಗಾಗುತ್ತದೆ:

ನಿಗದಿತ ಶುಲ್ಕ, ಕಿಲೋವಾಟಿಗೆ 145 ರೂಪಾಯಿಯಂತೆ 3 ಕಿಲೋವಾಟಿಗೆ: 435.00
ವಿದ್ಯುತ್ ಶುಲ್ಕ, ಯೂನಿಟ್ಟಿಗೆ 5.80ರಂತೆ 50 ಯೂನಿಟ್ಟಿಗೆ: 290.00
ನಿವೃತ್ತಿವೇತನದ ಮೇಲ್ಶುಲ್ಕ, ಯೂನಿಟ್ಟಿಗೆ 36 ಪೈಸೆಯಂತೆ: 18.00
ತೆರಿಗೆ, ವಿದ್ಯುತ್ ಶುಲ್ಕದ ಮೇಲೆ ನೂರಕ್ಕೆ 9ರಂತೆ: 26.10
ಒಟ್ಟು: 769.10

ಇಂಧನದ ವೆಚ್ಚದ ಹೊಂದಾಣಿಕೆಯೆಂಬ ಐದನೆಯ ಬಾಬೊಂದು ಉಂಟು. ಅದು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಈ ದರಗಳನ್ನು ಗೊತ್ತುಮಾಡುವುದು ಸರಬರಾಜು ಮಾಡುವ ಕಂಪೆನಿಯಲ್ಲ. ತುಮಕೂರು ಜಿಲ್ಲೆಗೆ ವಿದ್ಯುತ್ ಒದಗಿಸುವುದು 2002ರಲ್ಲಿ ಸ್ಥಾಪಿತವಾದ ಬೆಂಗಳೂರು ವಿದ್ಯುತ್ ಸರಬರಾಜು ಕಂಪೆನಿ, ಎಂದರೆ ಬೆಸ್ಕಾಂ. ದರವನ್ನು ವಿಧಿಸುವ ಅಧಿಕಾರ 1999ರಲ್ಲಿ ರಚಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು. ತೆರಿಗೆ ರಾಜ್ಯ ಸರಕಾರಕ್ಕೆ ಸೇರುತ್ತದೆ. 36 ಪೈಸೆಯ ಮೇಲ್ಶುಲ್ಕವು ಪ್ರಸರಣ ನಿಗಮ ಮತ್ತು ಸರಬರಾಜು ಕಂಪೆನಿಗಳ ನೌಕರರ ನಿವೃತ್ತಿವೇತನ ಹಾಗೂ ಉಪದಾನಕ್ಕಾಗಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದುದು. ಹೀಗೆ ಒಂದೇ ಚೀಟಿಯಲ್ಲಿ ಹಲವರ ಪಾಲು ಅಡಗಿದೆ.

ಇವುಗಳಲ್ಲಿ ಅತಿ ದೊಡ್ಡದು ಮೊದಲನೆಯ ಸಾಲು. ಒಂದು ದೀಪವನ್ನೂ ಹೊತ್ತಿಸದೆ ಬೀಗ ಹಾಕಿದ ಮನೆಗೂ 435 ರೂಪಾಯಿ ತಪ್ಪುವುದಿಲ್ಲ. ಬಳಸದ ವಸ್ತುವಿಗೆ ಬೆಲೆ ಏಕೆ ಎಂಬ ಆಕ್ಷೇಪ ಇಲ್ಲಿಯೇ ಹುಟ್ಟುವುದು. ಅದಕ್ಕೆ ಉತ್ತರ ಭೌತವಿಜ್ಞಾನದ ಮೊದಲ ಪಾಠಗಳಲ್ಲಿದೆ.

ಕಿಲೋವಾಟ್ ಬೇರೆ, ಯೂನಿಟ್ಟು ಬೇರೆ

ಯೂನಿಟ್ಟು ಎಂದರೆ ಒಂದು ಕಿಲೋವಾಟ್-ಗಂಟೆ. ಇದು ಶಕ್ತಿಯ ಪ್ರಮಾಣ. 36 ಲಕ್ಷ ಜೂಲ್‌ಗಳಿಗೆ ಸಮ. ಜೋಗದಲ್ಲಿ ನೀರು ಸುಮಾರು 253 ಮೀಟರ್ ಎತ್ತರದಿಂದ ಧುಮುಕುತ್ತದೆಯಷ್ಟೆ. ಎಳ್ಳಷ್ಟೂ ನಷ್ಟವಿಲ್ಲದೆ ಆ ನೀರಿನ ಶಕ್ತಿಯನ್ನು ಹಿಡಿಯಬಹುದಾಗಿದ್ದರೆ, ಒಂದು ಯೂನಿಟ್ಟಿಗಾಗಿ ಸುಮಾರು 1,450 ಲೀಟರ್ ನೀರು ಬೀಳಬೇಕಾಗುತ್ತಿತ್ತು. ನಾವು ಆರು ರೂಪಾಯಿಯೊಳಗೆ ಕೊಳ್ಳುವ ವಸ್ತು ಎಷ್ಟು ದೊಡ್ಡದೆಂಬುದನ್ನು ಓದುಗರು ಇದರಿಂದ ಊಹಿಸಬಹುದು.

ಕಿಲೋವಾಟ್ ಎಂಬುದಾದರೋ ಶಕ್ತಿಯನ್ನು ಒದಗಿಸುವ ವೇಗ. ಕೊಡದಲ್ಲಿರುವ ನೀರು ಯೂನಿಟ್ಟಾದರೆ, ನಲ್ಲಿಯಿಂದ ಅದು ಸುರಿಯುವ ವೇಗ ಕಿಲೋವಾಟ್. ಕೊಡ ಒಂದೇ ಆದರೂ ಅದನ್ನು ಒಂದು ನಿಮಿಷದಲ್ಲಿ ತುಂಬಬೇಕಾದರೆ ದಪ್ಪನೆಯ ಕೊಳವೆ ಬೇಕು, ಒಂದು ಗಂಟೆಯಲ್ಲಿ ತುಂಬಿದರೆ ಸಾಕೆನ್ನುವವರಿಗೆ ಸಣ್ಣ ಕೊಳವೆ ಸಾಕು.

ಎರಡು ಮನೆಗಳನ್ನು ಹೋಲಿಸೋಣ. ಮೊದಲನೆಯದರಲ್ಲಿ 100 ವಾಟಿನಷ್ಟು ದೀಪಗಳು 30 ಗಂಟೆ ಕಾಲ ಉರಿದವು. ಎರಡನೆಯದರಲ್ಲಿ 3,000 ವಾಟಿನ ನೀರು ಕಾಯಿಸುವ ಗೀಸರ್ ಒಂದು ಗಂಟೆ ಕಾಲ ನಡೆಯಿತು. ಎರಡರಲ್ಲಿಯೂ ಖರ್ಚಾದುದು 3 ಯೂನಿಟ್ಟು; ಮಾಪಕಕ್ಕೆ ಎರಡೂ ಒಂದೇ. ಆದರೆ ತಂತಿಗೆ ಒಂದೇ ಅಲ್ಲ. 230 ವೋಲ್ಟಿನಲ್ಲಿ ಮೊದಲನೆಯ ಮನೆ ಎಳೆಯುವ ಪ್ರವಾಹ 0.43 ಆಂಪಿಯರ್, ಎರಡನೆಯದು 13 ಆಂಪಿಯರ್. ಎಂದರೆ 30 ಪಟ್ಟು. ತಂತಿಯಲ್ಲಿ ಉಷ್ಣವಾಗಿ ಹೋಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆಂಬುದು ಜೂಲನ ನಿಯಮ. ಆದುದರಿಂದ ಒಂದೇ ಬಗೆಯ ತಂತಿಯಲ್ಲಿ ಎರಡನೆಯ ಮನೆಯ ನಷ್ಟದ ವೇಗ 900 ಪಟ್ಟು. ಕಾಲವು ಮೂವತ್ತನೆಯ ಒಂದು ಭಾಗವಾದುದರಿಂದ ಒಟ್ಟು ನಷ್ಟ 30 ಪಟ್ಟು. ಅದೇ 3 ಯೂನಿಟ್ಟನ್ನು ತಲಪಿಸಲು ದಪ್ಪನೆಯ ತಂತಿ, ದೊಡ್ಡ ಟ್ರಾನ್ಸ್‌ಫಾರ್ಮರ್, ಹೆಚ್ಚಿನ ನಷ್ಟ! ಯೂನಿಟ್ಟುಗಳನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಇದಾವುದೂ ಕಾಣುವುದಿಲ್ಲ.

ಸಿದ್ಧತೆಗೂ ಬೆಲೆಯುಂಟು

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೋಟೆಲುಗಳನ್ನು ನೋಡಿದವರಿಗೆ ಈ ಸಂಗತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಗಿನ ಹೊತ್ತು ಹೆದ್ದಾರಿಯ ಪ್ರಯಾಣಿಕರು ಒಟ್ಟಿಗೆ ಬಂದು ಮುತ್ತುತ್ತಾರೆ. ಒಲೆ, ಹಬೆಯ ಪಾತ್ರೆ, ತಟ್ಟೆ, ಆಳುಕಾಳು ಎಷ್ಟಿರಬೇಕೆಂಬುದನ್ನು ಆ ಒಂದೆರಡು ಗಂಟೆಗಳ ನೂಕುನುಗ್ಗಲು ನಿರ್ಧರಿಸುತ್ತದೆ, ದಿನವಿಡೀ ಖರ್ಚಾದ ಇಡ್ಲಿಗಳ ಲೆಕ್ಕವಲ್ಲ. ಅಕ್ಕಿ, ಉದ್ದು ಮಾತ್ರ ಇಡ್ಲಿಗಳ ಸಂಖ್ಯೆಯನ್ನು ಹಿಂಬಾಲಿಸುತ್ತವೆ. ಮಧ್ಯಾಹ್ನ ಗಿರಾಕಿಗಳಿಲ್ಲದಿದ್ದರೆ ಉದ್ದು ಉಳಿಯುತ್ತದೆ. ಮಳಿಗೆಯ ಬಾಡಿಗೆ ಉಳಿಯುವುದಿಲ್ಲ.

ವಿದ್ಯುತ್ತಿನ ವ್ಯಾಪಾರದಲ್ಲಿಯೂ ಹೀಗೆಯೇ ಎಂಬುದನ್ನು ಆಂಗ್ಲ ಎಂಜಿನಿಯರ್ ಜಾನ್ ಹಾಪ್ಕಿನ್‌ಸನ್ 1892ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟನು. ಗ್ರಾಹಕನು ಯಾವ ಕ್ಷಣದಲ್ಲಿ ಗುಂಡಿ ಒತ್ತಿದರೂ ವಿದ್ಯುತ್ ಬರಬೇಕಾದರೆ ಯಂತ್ರವೂ ತಂತಿಯೂ ಸದಾ ಸಿದ್ಧವಾಗಿರಬೇಕು. ಆ ಸಿದ್ಧತೆಗೆ ಒಂದು ಬೆಲೆ, ಬಳಸಿದ ಶಕ್ತಿಗೆ ಇನ್ನೊಂದು ಬೆಲೆ ಎಂಬುದು ಅವನ ವಾದ. ಎರಡು ಭಾಗಗಳ ದರ ಹುಟ್ಟಿದುದು ಹೀಗೆ. ನಮ್ಮ ನಾಡಿನಲ್ಲಿಯೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಾಗ, ಗಣಿಯವರು ಹಣ ತೆತ್ತುದು ಅಶ್ವಶಕ್ತಿಯೊಂದಕ್ಕೆ ವರ್ಷಕ್ಕಿಷ್ಟು ಎಂಬ ಲೆಕ್ಕದಲ್ಲಿ. ಕಾವೇರಿಯ ನೀರಿಗೆ ಇಂಧನದ ವೆಚ್ಚವಿರಲಿಲ್ಲ. ವೆಚ್ಚವೆಲ್ಲವೂ ಯಂತ್ರಗಳಲ್ಲಿ ಮತ್ತು ಗಣಿಯವರೆಗಿನ ಸುಮಾರು 147 ಕಿಲೋಮೀಟರ್ ತಂತಿಯಲ್ಲಿತ್ತು.

ಈ ಮಾತು ನಮ್ಮ ಕಾಲಕ್ಕೆ ಇನ್ನಷ್ಟು ಸಲ್ಲುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹಬ್ಬಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಬಿಸಿಲಿಗೆ ಬೆಲೆಯಿಲ್ಲ. ಆದರೆ ಪಾವಗಡದಲ್ಲಿ ಸೂರ್ಯ ಮುಳುಗುವ ಹೊತ್ತಿಗೇ ಕ್ಯಾತ್ಸಂದ್ರದ ಮನೆಗಳಲ್ಲಿ ದೀಪ ಹೊತ್ತುವುದು. ಆಗ ರಾಯಚೂರಿನ ಕಲ್ಲಿದ್ದಲೂ ಶರಾವತಿಯ ನೀರೂ ಸಿದ್ಧವಿರಬೇಕು. ಇಂಧನದ ವೆಚ್ಚ ತಗ್ಗಿದಷ್ಟೂ ಸಿದ್ಧತೆಯ ವೆಚ್ಚ ಬಿಲ್ಲಿನಲ್ಲಿ ಎದ್ದುಕಾಣುತ್ತದೆ.

ನಮಗೆ ಬಿದ್ದ ಬೆಲೆ

ನಿಗದಿತ ಶುಲ್ಕ ನ್ಯಾಯವಾದುದೆಂದು ಒಪ್ಪಿದ ಮಾತ್ರಕ್ಕೆ ಅದು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆಂದು ತಿಳಿಯಲಾಗದು. ಅದೇ 3 ಕಿಲೋವಾಟಿನ ಮನೆಯಲ್ಲಿ ಬಳಕೆ ಬೇರೆ ಬೇರೆಯಾದರೆ ಏನಾಗುತ್ತದೆಂಬುದನ್ನು ನೋಡಿ:

50 ಯೂನಿಟ್ಟು: ಬಿಲ್ಲು 769.10, ಯೂನಿಟ್ಟಿಗೆ ಬಿದ್ದುದು 15.38
150 ಯೂನಿಟ್ಟು: ಬಿಲ್ಲು 1,437.30, ಯೂನಿಟ್ಟಿಗೆ ಬಿದ್ದುದು 9.58
300 ಯೂನಿಟ್ಟು: ಬಿಲ್ಲು 2,439.60, ಯೂನಿಟ್ಟಿಗೆ ಬಿದ್ದುದು 8.13

ಕಡಿಮೆ ಬಳಸುವವನಿಗೆ ಯೂನಿಟ್ಟು ದುಬಾರಿ, ಹೆಚ್ಚು ಬಳಸುವವನಿಗೆ ಅಗ್ಗ. ಊರಿನಲ್ಲಿ ಕೋಣೆ ಹಿಡಿದು ಓದುವ ವಿದ್ಯಾರ್ಥಿಗಳಿಗೆ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಒಂದೇ ಮಾಪಕದ ಕೆಳಗೆ ಮೂರು ನಾಲ್ಕು ಕೋಣೆಗಳಿರುವ ಕಡೆ ಮನೆಯ ಮಾಲೀಕರು ಯೂನಿಟ್ಟಿಗೆ ಹತ್ತು ರೂಪಾಯಿ ಕೇಳುವುದುಂಟು. ದರಪಟ್ಟಿಯ 5.80ನ್ನು ತೋರಿಸಿ ಜಗಳಕ್ಕೆ ನಿಲ್ಲುವುದೂ ಸರಿಯಲ್ಲ, ಕೇಳಿದಷ್ಟನ್ನು ಕೊಟ್ಟು ಸುಮ್ಮನಾಗುವುದೂ ಸರಿಯಲ್ಲ. ಆ ತಿಂಗಳ ಬಿಲ್ಲಿನ ಮೊತ್ತವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿದರೆ ಬರುವ ಅಂಕಿಯೇ ಇಬ್ಬರೂ ಒಪ್ಪಬೇಕಾದ ಬೆಲೆ.

ದರ ಇಳಿಯಿತೆಂಬ ಸುದ್ದಿಯನ್ನೂ ಇದೇ ಬಗೆಯಲ್ಲಿ ಪರೀಕ್ಷಿಸಬೇಕು. 2025ರ ಮಾರ್ಚಿಯ ಆದೇಶದಲ್ಲಿ ಆಯೋಗವು ಗೃಹಬಳಕೆಯ ಯೂನಿಟ್ಟಿನ ದರವನ್ನು 5.90ರಿಂದ 5.80ಕ್ಕೆ, ಎಂದರೆ 10 ಪೈಸೆಯಷ್ಟು ಇಳಿಸಿತು. ಅದೇ ಆದೇಶದಲ್ಲಿ ನಿಗದಿತ ಶುಲ್ಕ ಕಿಲೋವಾಟಿಗೆ 120ರಿಂದ 145ಕ್ಕೆ ಏರಿತು. 3 ಕಿಲೋವಾಟಿನ ಮನೆಗೆ ಏರಿದುದು ತಿಂಗಳಿಗೆ 75 ರೂಪಾಯಿ. ಇಳಿದುದು ತೆರಿಗೆಯೂ ಸೇರಿ ಯೂನಿಟ್ಟಿಗೆ 10.9 ಪೈಸೆ. 75 ರೂಪಾಯಿಯನ್ನು 10.9 ಪೈಸೆಯಿಂದ ಭಾಗಿಸಿದರೆ 688 ಬರುತ್ತದೆ. ತಿಂಗಳಿಗೆ 688 ಯೂನಿಟ್ಟಿಗಿಂತ ಕಡಿಮೆ ಬಳಸುವ ಇಂತಹ ಯಾವ ಮನೆಗೂ ಈ ಇಳಿಕೆಯಿಂದ ಲಾಭವಿಲ್ಲವೆಂದಾಯಿತು! 36 ಪೈಸೆಯ ಮೇಲ್ಶುಲ್ಕವನ್ನೂ ಸೇರಿಸಿದರೆ ಎಷ್ಟು ಬಳಸಿದರೂ ಲಾಭವಿಲ್ಲ. ಅದೇ ಆದೇಶವು 2026-27ಕ್ಕೆ 5.75 ಮತ್ತು 150, 2027-28ಕ್ಕೆ 5.70 ಮತ್ತು 160 ಎಂದು ಗೊತ್ತುಮಾಡಿತು. ಯೂನಿಟ್ಟಿನ ಬೆಲೆ ಕೆಳಕ್ಕೆ, ಸಿದ್ಧತೆಯ ಬೆಲೆ ಮೇಲಕ್ಕೆ: ದಾರಿ ಯಾವ ಕಡೆಗಿದೆಯೆಂಬುದು ಸ್ಪಷ್ಟವಾಗಿದೆ.

ತಡವಾಗಿ ಬರುವ ಲೆಕ್ಕ

ಇನ್ನು ಬದಿಗಿಟ್ಟಿದ್ದ ಐದನೆಯ ಬಾಬಿಗೆ ಬರೋಣ. ಆಯೋಗವು ವರ್ಷದ ಮೊದಲಲ್ಲಿ ದರವನ್ನು ಕಟ್ಟುವುದು ಅಂದಾಜಿನ ಮೇಲೆ. ಮಳೆ ಕೈಕೊಟ್ಟರೆ ಜಲವಿದ್ಯುತ್ತು ತಗ್ಗಿ, ಹೊರಗಿನಿಂದ ಹೆಚ್ಚಿನ ಬೆಲೆಗೆ ಕೊಳ್ಳಬೇಕಾಗುತ್ತದೆ. 2023ರ ಬರಗಾಲದಲ್ಲಿ ಕರ್ನಾಟಕ ಇದನ್ನು ಅನುಭವಿಸಿತು. ಅಂದಾಜಿಗೂ ನಿಜವಾದ ವೆಚ್ಚಕ್ಕೂ ಬಿದ್ದ ಅಂತರವನ್ನು ತಿಂಗಳು ತಿಂಗಳು ಸರಿದೂಗಿಸಬೇಕೆಂದು ಕೇಂದ್ರ ಸರಕಾರದ 2022ರ ಡಿಸೆಂಬರಿನ ನಿಯಮಗಳು ವಿಧಿಸಿದುವು. ಒಂದು ತಿಂಗಳ ಅಂತರ ಗ್ರಾಹಕನ ಬಿಲ್ಲಿಗೆ ಬರುವುದು ಎರಡು ತಿಂಗಳ ತರುವಾಯ. ಹೀಗಾಗಿ ಜೂನಿನ ಬಿಲ್ಲಿನಲ್ಲಿ ಏಪ್ರಿಲಿನ ಕಲ್ಲಿದ್ದಲು ಉರಿಯುತ್ತಿರುತ್ತದೆ. ಅಂತರ ಋಣವಾದರೆ ಹಣ ಕಳೆಯಲೂ ಬೇಕಾಗುತ್ತದೆಂಬುದನ್ನು ಮರೆಯಬಾರದು.

2023ರ ಜೂನ್ ತಿಂಗಳ ಬಿಲ್ಲುಗಳು ರಾಜ್ಯದಲ್ಲೆಲ್ಲ ಕೋಲಾಹಲ ಎಬ್ಬಿಸಿದುದಕ್ಕೆ ಇಂತಹ ತಡವೇ ಒಂದು ಕಾರಣ. ಆ ವರ್ಷ ಮೇ 12ರಂದು ಹೊರಟ ದರದ ಆದೇಶವು ಏಪ್ರಿಲ್ 1ರಿಂದಲೇ ಅನ್ವಯಿಸಿತು. ಕಳೆದುಹೋದ ಏಪ್ರಿಲಿನ ಬಾಕಿಯೂ ಜೂನಿನ ಬಿಲ್ಲಿಗೆ ಸೇರಿತು. ಬಾಕಿಯೆಂಬ ಸಾಲನ್ನು ಓದಿದವರಿಗೆ ಅದು ಒಂದು ಸಲದ ಹೊರೆಯೆಂದು ತಿಳಿಯಿತು; ಮೊತ್ತವನ್ನು ಮಾತ್ರ ಓದಿದವರು ಇನ್ನು ಪ್ರತಿ ತಿಂಗಳೂ ಇಷ್ಟೇ ಎಂದು ಕಂಗಾಲಾದರು.

ಇದೇ ಗುಂಪಿಗೆ ಸೇರಿದಂತೆ ಕಾಣುವ, ಆದರೆ ಶುಲ್ಕವೇ ಅಲ್ಲದ ಇನ್ನೊಂದು ಬಾಬು ಹೆಚ್ಚುವರಿ ಭದ್ರತಾ ಠೇವಣಿ. ಗ್ರಾಹಕನ ಠೇವಣಿ ಸುಮಾರು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಇರಬೇಕೆಂಬುದು ನಿಯಮ. ಬಳಕೆ ಏರಿದಾಗ ಕೊರತೆಯನ್ನು ಕೇಳುತ್ತಾರೆ. ಇದು ಖರ್ಚಾದ ಹಣವಲ್ಲ, ನಮ್ಮದೇ ಹಣ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 47ನೆಯ ಪ್ರಕರಣದಂತೆ ಇದಕ್ಕೆ ಬಡ್ಡಿ ಸಲ್ಲಬೇಕು. ಆ ಬಡ್ಡಿ ಜಮೆಯಾಗಿದೆಯೇ ಎಂದು ನೋಡುವುದು ಗ್ರಾಹಕನ ಕರ್ತವ್ಯ.

ಮುಂದಿನ ಯೂನಿಟ್ಟಿನ ಬೆಲೆ

ಮೂರನೆಯ ಉತ್ತರ ಉಳಿಯಿತು. ನಮ್ಮ ಮನೆಯವರು 50ರ ಬದಲು 51 ಯೂನಿಟ್ಟು ಬಳಸಿದರೆ ಎಷ್ಟು ಹೆಚ್ಚು ತೆರಬೇಕು? ನಿಗದಿತ ಶುಲ್ಕ ಬದಲಾಗದು. 5.80, ಅದರ ತೆರಿಗೆ 52 ಪೈಸೆ, ಮೇಲ್ಶುಲ್ಕ 36 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ. ಹತ್ತು ಯೂನಿಟ್ಟು ಉಳಿಸಿದವನಿಗೆ ಉಳಿಯುವುದು 67 ರೂಪಾಯಿಯೇ ಹೊರತು, ಬಿದ್ದ ಬೆಲೆ 15.38ನ್ನು ಹಿಡಿದು ಗುಣಿಸಿದಂತೆ 154 ರೂಪಾಯಿಯಲ್ಲ.

ಆದರೆ ಎಲ್ಲ ಯೂನಿಟ್ಟುಗಳೂ ಇಷ್ಟು ಸಾಧುವಲ್ಲ. 2023ರ ಆದೇಶದಂತೆ 100 ಯೂನಿಟ್ಟಿನವರೆಗೆ ಬಳಸಿದವರಿಗೆ ದರ 4.75, ನೂರನ್ನು ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ 7 ರೂಪಾಯಿ. 100 ಯೂನಿಟ್ಟಿಗೆ 475, 101ಕ್ಕೆ 707! ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ. 2024ರಲ್ಲಿ ಎಲ್ಲ ಯೂನಿಟ್ಟಿಗೂ ಒಂದೇ ದರ 5.90 ಎಂದಾದ ಮೇಲೆ ಈ ಕಂದಕ ಮುಚ್ಚಿತು.

ಇದಕ್ಕಿಂತ ಆಳವಾದ ಕಂದಕ ಗೃಹಜ್ಯೋತಿ ಯೋಜನೆಯ ಅಂಚಿನಲ್ಲಿದೆ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, ಮನೆಯ 2022-23ರ ಸರಾಸರಿ ಬಳಕೆಗೆ ನೂರಕ್ಕೆ 10ರಷ್ಟು ಸೇರಿಸಿ, 200 ಯೂನಿಟ್ಟನ್ನು ಮೀರದಂತೆ ಉಚಿತ ಮಿತಿಯನ್ನು ಗೊತ್ತುಮಾಡಲಾಯಿತು. ಮಿತಿಯನ್ನು ದಾಟಿಯೂ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್ಟುಗಳ ಹಣ ಮಾತ್ರ ಕಟ್ಟಬೇಕು. 200ನ್ನು ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಉಚಿತ ಮಿತಿ 200 ಇರುವ 3 ಕಿಲೋವಾಟಿನ ಮನೆಗೆ 2025-26ರ ದರದಲ್ಲಿ 200 ಯೂನಿಟ್ಟಿನ ಬಿಲ್ಲು ಸೊನ್ನೆ. 201 ಯೂನಿಟ್ಟಿನದು 1,778 ರೂಪಾಯಿ. ತಿಂಗಳ ಕೊನೆಯ ದಿನ ಮರೆತು ಒಂದು ಗಂಟೆ ಹೆಚ್ಚಾಗಿ ಉರಿದ 1,000 ವಾಟಿನ ನೀರು ಕಾಯಿಸುವ ಕಾಯಿಲು, ಕೂಲಿಯಿಂದ ಬದುಕುವ ಮನೆಯ ಹಲವು ದಿನಗಳ ದುಡಿಮೆಯನ್ನು ನುಂಗಬಲ್ಲುದು. ಸೊನ್ನೆ ಬಿಲ್ಲು ಬಂದವರೂ ಚೀಟಿಯನ್ನು ಓದಬೇಕೆಂದು ನಾವು ಹೇಳುವುದು ಇದಕ್ಕಾಗಿ. ಸೊನ್ನೆಯೆಂದರೆ ಬೆಲೆಯಿಲ್ಲವೆಂದಲ್ಲ, ಆ ಬೆಲೆಯನ್ನು ಸರಕಾರ ತೆರುತ್ತಿದೆಯೆಂದು ಅರ್ಥ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಮೊದಲು ಮಾಪಕವನ್ನು ಪರೀಕ್ಷಿಸಿರಿ. ವಿದ್ಯುನ್ಮಾನ ಮಾಪಕದ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗೆಂಬುದು ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ. ಅದು 3,200 ಎಂದಿದ್ದರೆ, ಮನೆಯ ಉಳಿದೆಲ್ಲವನ್ನೂ ಆರಿಸಿ 1,000 ವಾಟಿನ ಒಂದು ಸಾಧನವನ್ನು ಮಾತ್ರ ನಡೆಸಿದಾಗ ನಿಮಿಷಕ್ಕೆ ಸುಮಾರು 53 ಮಿನುಗು ಬರಬೇಕು. ಕಡಿಮೆ ಬಂದರೆ ಮಾಪಕವನ್ನು ದೂರುವ ಮುಂಚೆ ವೋಲ್ಟೇಜನ್ನು ನೆನೆಯಿರಿ. ಕಾಯಿಸುವ ಸಾಧನದ ಸಾಮರ್ಥ್ಯ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, 230ಕ್ಕೆ ಬದಲು 210 ವೋಲ್ಟು ಇದ್ದರೆ 1,000 ವಾಟು 834ಕ್ಕೆ ಇಳಿಯುತ್ತದೆ; ಮಿನುಗೂ 44ಕ್ಕೆ ಇಳಿಯುತ್ತದೆ. ಎಲ್ಲವನ್ನೂ ಆರಿಸಿದಾಗಲೂ ದೀಪ ಮಿನುಗುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆ. ತಿಳಿದವರಿಂದ ಕೂಡಲೆ ನೋಡಿಸಬೇಕು.

ಎರಡನೆಯದಾಗಿ, ಮಂಜೂರಾದ ಹೊರೆಯನ್ನು ವಿಚಾರಿಸಿರಿ. 2 ಕಿಲೋವಾಟಿನ ಗೀಸರ್, ಒಂದು ಅಶ್ವಶಕ್ತಿಯ ಪಂಪು, 1 ಕಿಲೋವಾಟಿನ ಇಸ್ತ್ರಿಪೆಟ್ಟಿಗೆ ಒಟ್ಟಿಗೆ ನಡೆದರೆ ಬೇಡಿಕೆ 3.75 ಕಿಲೋವಾಟನ್ನು ಮುಟ್ಟುತ್ತದೆ. ಒಂದಾದ ಮೇಲೊಂದು ನಡೆದರೆ ಅದು ಎರಡರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಖರ್ಚಾಗುವ ಯೂನಿಟ್ಟು ಅಷ್ಟೇ. ತಂತಿಯ ಮೇಲಿನ ಭಾರ ಸುಮಾರು ಅರ್ಧ. ಮನೆಯ ಗರಿಷ್ಠ ಬೇಡಿಕೆ ಯಾವ ಕಾಲದಲ್ಲಿಯೂ ಮಂಜೂರಾದುದನ್ನು ಮುಟ್ಟುವುದಿಲ್ಲವೆಂದು ಖಚಿತವಾದರೆ, ಹೊರೆಯನ್ನು ಇಳಿಸುವಂತೆ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಬಹುದು. ಒಂದು ಕಿಲೋವಾಟ್ ಇಳಿದರೆ 2025-26ರ ದರದಲ್ಲಿ ವರ್ಷಕ್ಕೆ 1,740 ರೂಪಾಯಿ ಉಳಿಯುತ್ತದೆ. ಆದರೆ ಕೇಳಿ ಇಳಿಸಿಕೊಂಡ ಮೇಲೆ ಮೀರಿ ಎಳೆಯುವುದು ಸಲ್ಲದು. ಮಾಪಕ ಅದನ್ನೂ ದಾಖಲಿಸುತ್ತದೆ.

ಮೂರನೆಯದಾಗಿ, ಲೆಕ್ಕ ಸರಿಬರದಿದ್ದರೆ ಕೇಳಿರಿ. ಗ್ರಾಹಕರ ಕುಂದುಕೊರತೆಗಳಿಗೆ ವೇದಿಕೆಯೂ, ಅದರ ಮೇಲೆ ವಿದ್ಯುತ್ ಲೋಕಪಾಲರೂ ಇರಬೇಕೆಂದು 2003ರ ಅಧಿನಿಯಮವೇ ವಿಧಿಸಿದೆ. ದರವನ್ನು ಗೊತ್ತುಮಾಡುವ ಮುನ್ನ ಆಯೋಗವು ಸಾರ್ವಜನಿಕರ ಆಕ್ಷೇಪಗಳನ್ನು ಕರೆದು ವಿಚಾರಣೆ ನಡೆಸುತ್ತದೆ. ನಿಗದಿತ ಶುಲ್ಕ ಎಷ್ಟಿರಬೇಕು, ಅದರ ಭಾರ ಕಡಿಮೆ ಬಳಸುವವರ ಮೇಲೆ ಎಷ್ಟು ಬೀಳಬೇಕು ಎಂಬುದನ್ನು ಭೌತವಿಜ್ಞಾನ ನಿರ್ಧರಿಸಲಾರದು. ಅದು ನಾವೆಲ್ಲರೂ ಕೂಡಿ ನಿರ್ಧರಿಸಬೇಕಾದ ವಿಷಯ. ಆ ವಿಚಾರಣೆಯಲ್ಲಿ ಕಿಲೋವಾಟಿಗೂ ಯೂನಿಟ್ಟಿಗೂ ಇರುವ ಭೇದ ತಿಳಿದವರ ಮಾತಿಗೆ ತೂಕ ಹೆಚ್ಚು.

ಈ ತಿಂಗಳು ಚೀಟಿ ಬಂದಾಗ ಅದನ್ನು ಮೊಳೆಗೆ ಸಿಕ್ಕಿಸುವ ಮುನ್ನ ಒಂದು ಹಾಳೆಯ ಮೇಲೆ ಮೂರು ಅಂಕಿಗಳನ್ನು ಬರೆಯಿರಿ: ಹೇಳಿದ ಬೆಲೆ, ಬಿದ್ದ ಬೆಲೆ, ಮುಂದಿನ ಯೂನಿಟ್ಟಿನ ಬೆಲೆ. ಬರೆದುದನ್ನು ಮನೆಯ ಹಿರಿಯರಿಗೆ ಓದಿ ಹೇಳಿರಿ. ತಿಂಗಳು ತಿಂಗಳು ಹಣ ಕಟ್ಟುವವರು ಅವರು. ಲೆಕ್ಕವನ್ನಾದರೂ ನಾವು ಮಾಡಿಕೊಡಬೇಡವೆ?